ಮೆಕಾಂಗ್ ದಂಡೆಯ ಕೈನೂಲು

ನಾವು ಪ್ರಾಥಮಿಕ ಶಾಲೆಯ ಮೊದಲ ಇಯತ್ತೆಗಳಲ್ಲಿ ಓದುತ್ತಿದ್ದ ಕಾಲದ ಮಾತು. ಅಕ್ಕಲಕೋಟೆ ತಾಲ್ಲೂಕಿನ ನಮ್ಮ ಊರಿನಲ್ಲಿ, ನಮ್ಮ ಓಣಿಯಲ್ಲಿಯೇ, ಸೈನ್ಯದ ಚಾಕರಿ ಮುಗಿಸಿ ಬಂದ ಹಿರಿಯರೊಬ್ಬರಿದ್ದರು. ಓಣಿಯ ಮಕ್ಕಳೆಲ್ಲ ಅವರನ್ನು ಮಿಲಿಟರಿ ಕಾಕಾ ಎಂದೇ ಕರೆಯುತ್ತಿದ್ದೆವು. 1954ರಲ್ಲಿ ಜಿನೀವಾ ಒಪ್ಪಂದವಾಗಿ ಇಂಡೋಚೀನಾದಲ್ಲಿ ಫ್ರೆಂಚರ ಯುದ್ಧ ನಿಂತಾಗ, ಕದನವಿರಾಮದ ಮೇಲ್ವಿಚಾರಣೆಗೆಂದು ವಿಯೆಟ್ನಾಂ, ಲಾವೋಸ್, ಕಾಂಬೋಡಿಯಾ ದೇಶಗಳಿಗೆ ಅಂತರರಾಷ್ಟ್ರೀಯ ಆಯೋಗಗಳು ಹೋದವು. ಕೆನಡಾ ಮತ್ತು ಪೋಲೆಂಡ್ ಸದಸ್ಯ ರಾಷ್ಟ್ರಗಳು. ಅಧ್ಯಕ್ಷ ಸ್ಥಾನ ಭಾರತದ್ದು. ಹೀಗಾಗಿ ನಮ್ಮ ಅನೇಕ ಅಧಿಕಾರಿಗಳೂ ಸೈನಿಕರೂ ಕಾರಕೂನರೂ ಹೆಸರು ಕೇಳದ ಆ ನಾಡುಗಳನ್ನು ಕಂಡು ಬಂದರು. ಕಾಕಾ ಅವರಲ್ಲೊಬ್ಬರು. ಲಾವೋಸಿನ ವಿಯೆಂಟಿಯಾನ್ ಪಟ್ಟಣದಲ್ಲಿ ಕೆಲಕಾಲ ಕಚೇರಿಯ ಕೆಲಸದಲ್ಲಿದ್ದರು.

ಅವರ ಟ್ರಂಕಿನಲ್ಲಿ ಬಿಸ್ಕೀಟಿನ ಒಂದು ತಗಡಿನ ಡಬ್ಬಿಯಿತ್ತು. ಅದರೊಳಗೆ ಬೆಲೆಬಾಳುವುದೇನೋ ಇರಬೇಕೆಂದು ನಮಗೆ ಅನುಮಾನ. ಒಂದು ದಿನ ತೆರೆದು ತೋರಿಸಿದರೆ ಮಾಸಿದ ಹತ್ತಿ ನೂಲಿನ ತುಂಡುಗಳು, ಪ್ರತಿಯೊಂದಕ್ಕೂ ಗಂಟು. "ಹೊಂಡೋ ಮುಂದ ಎಲ್ಲಾರೂ ಕೂಡಿ ಕಟ್ಟಿದ್ರಪಾ. ಮಣಿಕಟ್ಟಿಲೆ ಹಿಡದು ಮೊಣಕೈ ಮಟ ನೂಲು. ಮುದುಕ್ಯಾರು ಏನೇನೋ ಹೇಳಿ ಕಟ್ಟೋರು, ನನಗೊಂದೂ ತಿಳೀಲಿಲ್ಲ. ತಿಳೀದಿದ್ರೂ ಅಳು ಬಂತು" ಎಂದು ಹೇಳಿ ಡಬ್ಬಿ ಮುಚ್ಚಿದರು. ಅದು ಏನು, ಏಕೆ ಎಂಬ ಪ್ರಶ್ನೆ ನಮ್ಮ ಮನಸ್ಸಿನಲ್ಲಿ ಹಾಗೆಯೇ ಉಳಿಯಿತು. ಸೇವೆಯಿಂದ ನಿವೃತ್ತರಾದ ಮೇಲೆ ಪುಣೆಯಲ್ಲಿದ್ದ ನಮ್ಮ ಮಗಳು ಗ್ರಂಥಾಲಯದಿಂದ ತಂದುಕೊಟ್ಟ ಪುಸ್ತಕಗಳನ್ನು ಓದುತ್ತ ಓದುತ್ತ ಆ ನೂಲಿನ ಇತಿಹಾಸ ತಿಳಿಯಿತು. ತಿಳಿದದ್ದನ್ನು ನಮ್ಮ ಸಂಘದ ಬಂಧುಗಳೊಡನೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಗಡಿಯಾಚೆಯ ಕನ್ನಡಿಗರಾದ ನಮಗೆ ಆ ಕಥೆಯಲ್ಲಿ ಪರಿಚಿತವೆನಿಸುವ ಸಂಗತಿಗಳು ಕೆಲವಿವೆ.

ಲಾವೋ ಜನ ಆ ವಿಧಿಯನ್ನು ಬಾಸಿ ಎನ್ನುತ್ತಾರೆ. ಸೂ ಖ್ವನ್ ಎಂಬುದು ಇನ್ನೊಂದು ಹೆಸರು. ಥೈಲೆಂಡಿನ ಮಧ್ಯಭಾಗದಲ್ಲಿ ತಾಮ್ ಖ್ವನ್ ಎಂಬ ಮಾತು ಬಳಕೆಯಲ್ಲಿದೆ. ಎಲ್ಲದರ ನಡುವೆ ಇರುವ ಶಬ್ದ ಖ್ವನ್. ಇದನ್ನು ಆತ್ಮವೆಂದು ಅನುವಾದಿಸಿದರೆ ತಪ್ಪಾದೀತು. ಆತ್ಮ ಒಂದೇ, ಖ್ವನ್‌ಗಳು 32. ದೇಹದ ಒಂದೊಂದು ಅಂಗಕ್ಕೂ ಒಂದೊಂದು ಖ್ವನ್ ಕಾವಲಿದೆಯೆಂಬುದು ಅವರ ಭಾವನೆ. ಬೌದ್ಧರು ಧ್ಯಾನಕ್ಕಾಗಿ ಶರೀರವನ್ನು ಕೂದಲು, ಉಗುರು, ಹಲ್ಲು ಎಂದು 32 ಭಾಗಗಳಾಗಿ ಎಣಿಸುತ್ತಾರೆ. ಸಂಖ್ಯೆ ಅಲ್ಲಿಗೆ ಹೊಂದಿಕೆಯಾಗುತ್ತದೆ. ಆದರೆ ಖ್ವನ್ ಎಂಬ ಕಲ್ಪನೆ ಬೌದ್ಧ ಧರ್ಮ ಆ ನಾಡಿಗೆ ಕಾಲಿಡುವುದಕ್ಕಿಂತ ಹಳೆಯದು. ಅದರ ಸ್ವಭಾವ ಚಂಚಲ. ಬೆದರಿದರೆ ಓಡಿಹೋಗುತ್ತದೆ. ದೂರದ ಪ್ರಯಾಣದಲ್ಲಿ ದಾರಿತಪ್ಪಿ ಹಿಂದೆ ಉಳಿಯುತ್ತದೆ. ಅದು ತೊರೆದರೆ ಮನುಷ್ಯ ಸಾಯುವುದಿಲ್ಲ. ಕಳೆಗುಂದುತ್ತಾನೆ, ಅನ್ನ ಸೇರುವುದಿಲ್ಲ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ. ಆಗ ಬಂಧುಬಳಗ ಸೇರಿ ಅದನ್ನು ಕರೆದು ಮನೆಗೆ ತರಬೇಕು.

ನಮ್ಮಲ್ಲಿಯೂ ಇಂಥ ಮಾತುಗಳಿಲ್ಲವೇ? 'ಜೀವ ಹಾರಿತು', 'ಹೋದ ಜೀವ ಬಂದಂತಾಯಿತು' ಎನ್ನುತ್ತೇವೆ. ಮಗು ಅಂಜಿ ಜ್ವರ ಬಂದರೆ ದಾರ ಮಂತ್ರಿಸಿ ಕಟ್ಟಿಸುತ್ತಿದ್ದ ಅಜ್ಜಿಯರನ್ನು ನಾವು ಕಂಡಿದ್ದೇವೆ. ಥಾಯ್ ಭಾಷೆಯಲ್ಲಂತೂ ಖ್ವನ್ ಶಬ್ದ ದಿನದ ಮಾತಿನೊಳಗೆ ಬೆರೆತುಹೋಗಿದೆ. ಧೈರ್ಯಗುಂದಿದವನು ಖ್ವನ್ ಕಳೆದುಕೊಂಡವನು. ಉಡುಗೊರೆಗೆ ಅವರು ಹೇಳುವ ಶಬ್ದದ ಅರ್ಥವೇ 'ಖ್ವನ್‌ನ ವಸ್ತು'. ಪ್ರೀತಿಪಾತ್ರರನ್ನು 'ಕಣ್ಣಿನ ಖ್ವನ್' ಎಂದು ಕರೆಯುತ್ತಾರೆ, ನಾವು ಕಣ್ಮಣಿ ಎಂದಂತೆ. ಎಲ್ಲಕ್ಕಿಂತ ನಮ್ಮನ್ನು ಬೆರಗುಗೊಳಿಸಿದ್ದು ಇದು: ತಲೆಯ ನೆತ್ತಿಯ ಮೇಲಿನ ಕೂದಲ ಸುಳಿಗೂ ಅವರಲ್ಲಿ ಖ್ವನ್ ಎಂದೇ ಹೆಸರು. ಎರಡು ಸುಳಿಯ ಹುಡುಗನನ್ನು ಕಂಡು ಎರಡು ಮದುವೆಯ ಭವಿಷ್ಯ ನುಡಿಯುವ ನಮ್ಮ ಜನ ಇದನ್ನು ಕೇಳಿದರೆ ನಕ್ಕಾರು.

ಈ ವಿಷಯಗಳನ್ನೆಲ್ಲ ಮೊದಲು ಒಟ್ಟುಗೂಡಿಸಿ ಬರೆದವರಲ್ಲಿ ಪ್ರಮುಖರು ಥೈಲೆಂಡಿನ ಫಯಾ ಅನುಮಾನ್ ರಾಜಧೋನ್. 1888ರಲ್ಲಿ ಹುಟ್ಟಿದ ಇವರು ದೊಡ್ಡ ಪದವಿಯನ್ನೇನೂ ಪಡೆದವರಲ್ಲ. ಸುಂಕದ ಇಲಾಖೆಯಲ್ಲಿ ಗುಮಾಸ್ತರಾಗಿದ್ದುಕೊಂಡು ಸ್ವಂತ ಓದಿನಿಂದ ವಿದ್ವಾಂಸರಾದವರು. ಖ್ವನ್ ಮತ್ತು ಅದರ ವಿಧಿಗಳನ್ನು ಕುರಿತು 1962ರಲ್ಲಿ ಸಿಯಾಮ್ ಸೊಸೈಟಿಯ ಪತ್ರಿಕೆಯಲ್ಲಿ ಅವರು ಬರೆದ ಲೇಖನ ಇಂದಿಗೂ ಈ ವಿಷಯದ ಹೆಬ್ಬಾಗಿಲು. ಗುಮಾಸ್ತರೂ ಶಾಲಾ ಮಾಸ್ತರರೂ ನಾಡಿನ ಸಂಪ್ರದಾಯವನ್ನು ಕಾಪಿಟ್ಟದ್ದು ನಮ್ಮಲ್ಲಷ್ಟೇ ಅಲ್ಲ ಎಂದು ತಿಳಿದಾಗ ನಮಗೆ ಸಣ್ಣ ಹೆಮ್ಮೆಯೆನಿಸಿದ್ದನ್ನು ಮುಚ್ಚಿಡುವುದಿಲ್ಲ.

ಇನ್ನು ವಿಧಿಯ ವಿಚಾರ. ಮದುವೆ, ಹೆರಿಗೆ, ಏಪ್ರಿಲ್ ನಡುವಿನ ಹೊಸವರ್ಷ, ಹೊಸ ಮನೆ, ಬೇನೆಯಿಂದ ಎದ್ದದ್ದು, ದೂರ ಹೊರಡುವುದು, ದೂರದಿಂದ ಮರಳಿದ್ದು, ಅತಿಥಿ ಬಂದದ್ದು, ಇವೆಲ್ಲ ಬಾಸಿಗೆ ಸಂದರ್ಭಗಳೇ. ಮನೆಯ ನಡುವೆ ಚಾಪೆ ಹಾಸಿ, ಬಿಳಿಯ ಬಟ್ಟೆಯ ಮೇಲೆ ಬೆಳ್ಳಿಯದೋ ಹಿತ್ತಾಳೆಯದೋ ಬಟ್ಟಲನ್ನಿಟ್ಟು, ಅದರ ಮೇಲೆ ಬಾಳೆಯೆಲೆಯನ್ನು ಶಂಕುವಿನಾಕಾರದಲ್ಲಿ ಸುತ್ತಿ ಅಂತಸ್ತು ಅಂತಸ್ತಾಗಿ ಏರಿಸುತ್ತಾರೆ. ಎಲೆಯ ಮಡಿಕೆಗಳಲ್ಲಿ ಚೆಂಡುಹೂವು ಮುಂತಾದ ಹೂಗಳು. ಇದಕ್ಕೆ ಫಾ ಖ್ವನ್ ಎಂದು ಹೆಸರು. ಖ್ವನ್‌ನ ಹರಿವಾಣವೆಂದು ಅರ್ಥ. ಇದನ್ನು ಕಟ್ಟುವುದು ಊರಿನ ಹಿರಿಯ ಹೆಂಗಸರ ಕೆಲಸ. ಬೆಳಗಿನಿಂದ ಮಾತು ನಗೆಗಳ ನಡುವೆ ನಡೆಯುವ ಈ ಎಲೆಗಾರಿಕೆಯೇ ವಿಧಿಯ ಅರ್ಧಭಾಗವೆಂದರೂ ಸಲ್ಲುತ್ತದೆ. ಹರಿವಾಣದ ಸುತ್ತ ಬೇಯಿಸಿದ ತತ್ತಿ, ಅಂಟಕ್ಕಿಯ ಅನ್ನದ ಉಂಡೆ, ಬಾಳೆಹಣ್ಣು, ಸಿಹಿತಿಂಡಿ, ಅಕ್ಕಿಯ ಸಾರಾಯಿ, ಕೆಲವೊಮ್ಮೆ ಇಡಿಯಾಗಿ ಬೇಯಿಸಿದ ಕೋಳಿ. ಅಲೆದು ದಣಿದ ಖ್ವನ್ ಹಸಿದು ಬರುತ್ತದೆಯಲ್ಲವೇ! ಬಿದಿರಿನ ಸಣ್ಣ ಕಡ್ಡಿಗಳಿಗೆ ಬಿಳಿಯ ಹತ್ತಿ ನೂಲುಗಳನ್ನು ಜೋತುಬಿಟ್ಟಿರುತ್ತಾರೆ.

ವಿಧಿ ನಡೆಸುವವನಿಗೆ ಮೋ ಫೋನ್ ಎನ್ನುತ್ತಾರೆ. ಇದು ದೂರವಾಣಿಯ ಫೋನ್ ಅಲ್ಲ. ನಮ್ಮ 'ವರ' ಶಬ್ದವೇ ಆ ನಾಲಗೆಗಳಲ್ಲಿ ಹಾಗೆ ಉರುಳಿದೆ. ಮೋ ಎಂದರೆ ಬಲ್ಲವನು, ವೈದ್ಯ. ಈತ ಭಿಕ್ಷುವಲ್ಲ. ಸಾಮಾನ್ಯವಾಗಿ ಹರೆಯದಲ್ಲಿ ಕೆಲವು ವರ್ಷ ವಿಹಾರದಲ್ಲಿ ಭಿಕ್ಷುವಾಗಿದ್ದು, ಓದು ಬರಹ ಕಲಿತು, ಹೊರಬಂದು ಮದುವೆಯಾಗಿ ಗದ್ದೆ ಮಾಡಿಕೊಂಡಿರುವ ಹಿರಿಯ. ಮೇಣದ ಬತ್ತಿ ಹಚ್ಚಿ, ಮೊದಲು ಪಾಲಿಯಲ್ಲಿ ದೇವತೆಗಳನ್ನು ಆಹ್ವಾನಿಸಿ, ಬಳಿಕ ತನ್ನ ಭಾಷೆಗೆ ಇಳಿಯುತ್ತಾನೆ. ಪ್ರಾಸಬದ್ಧವಾದ ಆ ಕರೆಯಲ್ಲಿ ಕಾಡಿಗೆ ಹೋದ ಖ್ವನ್, ಬೆಟ್ಟ ಹತ್ತಿದ ಖ್ವನ್, ಹೊಳೆ ದಾಟಿದ ಖ್ವನ್ ಎಂದು ಒಂದೊಂದನ್ನೂ ಹೆಸರಿಟ್ಟು ಕೂಗುತ್ತಾನೆ. ಅಲ್ಲಿ ಹುಲಿಯಿದೆ, ಚಳಿಯಿದೆ, ಇಲ್ಲಿ ಮೆತ್ತನೆಯ ಹಾಸಿಗೆಯಿದೆ, ಬಿಸಿಯ ಅನ್ನವಿದೆ, ನಿನ್ನವರಿದ್ದಾರೆ ಎಂದು ಮಗುವನ್ನು ಪುಸಲಾಯಿಸುವಂತೆ ಕರೆಯುತ್ತಾನೆ. ಕುಳಿತವರೆಲ್ಲ ನಡುನಡುವೆ ದನಿಗೂಡಿಸುತ್ತಾರೆ. ಎಲ್ಲರ ಕೈಯೂ ಹರಿವಾಣವನ್ನು ಮುಟ್ಟಿರಬೇಕು. ಎಟುಕದವರು ಮುಂದಿನವರ ಮೊಣಕೈಯನ್ನೋ ಬೆನ್ನನ್ನೋ ಮುಟ್ಟಿದರೆ ಸಾಕು.

ಅನಂತರ ನೂಲು. ಕಟ್ಟುವವರು ನೂಲಿನಿಂದ ಕೈಯನ್ನು ಹೊರಮುಖವಾಗಿ ಸವರುತ್ತಾರೆ, ಕೆಟ್ಟದ್ದು ಹೋಗಲೆಂದು. ಒಳಮುಖವಾಗಿ ಸವರುತ್ತಾರೆ, ಒಳ್ಳೆಯದು ಬರಲೆಂದು. ಬಳಿಕ ಮಣಿಕಟ್ಟಿಗೆ ಸುತ್ತಿ ಗಂಟು ಹಾಕುತ್ತ ಆಯುಷ್ಯ, ಆರೋಗ್ಯ, ಸಂತಾನ, ಸುಖಪ್ರಯಾಣಗಳನ್ನು ಹಾರೈಸುತ್ತಾರೆ. ಕಟ್ಟಿಸಿಕೊಳ್ಳುವವರು ಇನ್ನೊಂದು ಕೈಯನ್ನು ಮುಖದೆತ್ತರಕ್ಕೆ ಎತ್ತಿ ಹಿಡಿದಿರುತ್ತಾರೆ. ಮೋ ಫೋನ್ ಒಬ್ಬನೇ ಅಲ್ಲ, ನೆರೆದವರೆಲ್ಲ ಒಬ್ಬರಿಗೊಬ್ಬರು ಕಟ್ಟುತ್ತಾರೆ. ಕನಿಷ್ಠ ಮೂರು ದಿನ ನೂಲು ಕೈಯಲ್ಲಿರಬೇಕು. ಆಮೇಲೆ ಬಿಚ್ಚಬಹುದು, ಆದರೆ ಕತ್ತರಿ ತಾಗಿಸಬಾರದು. ಕಾಕಾ ತಮ್ಮ ನೂಲುಗಳನ್ನು ಗಂಟು ಬಿಚ್ಚದೆ ಜಾರಿಸಿ ತೆಗೆದಿದ್ದಿರಬೇಕು. ಕೊನೆಗೆ ಎಲ್ಲರೂ ಕೂಡಿ ಉಣ್ಣುವುದು, ಹಾಡು, ಕುಣಿತ.

ಮನುಷ್ಯರಿಗಷ್ಟೇ ಖ್ವನ್ ಎಂದು ತಿಳಿಯಬಾರದು. ಉಳುಮೆ ಮುಗಿದ ಮೇಲೆ ಕೋಣಗಳಿಗೂ ಸೂ ಖ್ವನ್ ಮಾಡುವ ಪದ್ಧತಿ ಈಶಾನ್ಯ ಥೈಲೆಂಡಿನಲ್ಲಿತ್ತು. ಗೇಯುವಾಗ ಬೈದದ್ದನ್ನೂ ಬಾರುಕೋಲಿನಿಂದ ಹೊಡೆದದ್ದನ್ನೂ ಮನ್ನಿಸೆಂದು ರೈತ ಕೋಣದ ಕ್ಷಮೆ ಬೇಡುತ್ತಾನೆ. ಕಾರಹುಣ್ಣಿಮೆಯಂದು ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಹೋಳಿಗೆ ತಿನ್ನಿಸುವ ನಾವು ಕ್ಷಮೆ ಕೇಳುವಷ್ಟು ದೂರ ಹೋದವರಲ್ಲ. ಭತ್ತಕ್ಕೂ ಖ್ವನ್ ಇದೆ. ತೆನೆ ಹೊಡೆತುಂಬಿದಾಗ ಭತ್ತದ ತಾಯಿಯನ್ನು ಬಸುರಿಯೆಂದು ಬಗೆದು ಹುಳಿಹಣ್ಣು ಅರ್ಪಿಸುತ್ತಾರೆ. ಸೀಗಿಹುಣ್ಣಿಮೆಯಲ್ಲಿ ಹೊಲಕ್ಕೆ ಚರಗ ಚೆಲ್ಲುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಪದ್ಧತಿ ಎಷ್ಟು ಹಳೆಯದೆಂಬುದಕ್ಕೆ ಒಂದು ಪುರಾವೆ ನಮ್ಮ ದೇಶದಲ್ಲಿಯೇ ಇದೆ. 1228ರಲ್ಲಿ ಸುಕಾಫಾನೊಡನೆ ಬೆಟ್ಟ ದಾಟಿ ಅಸ್ಸಾಮಿಗೆ ಬಂದ ಅಹೋಮರು ಇದೇ ತಾಯ್ ಜನವರ್ಗದ ಒಂದು ಕವಲು. ಅವರಲ್ಲಿ ರಿಕ್‌ಖ್ವನ್ ಎಂಬ, ಆಯುಷ್ಯವನ್ನು ಕರೆಯುವ ವಿಧಿಯಿದೆ. ಹೊಸ ರಾಜ ಪಟ್ಟವೇರಿದಾಗ ಅದನ್ನು ನಡೆಸುತ್ತಿದ್ದರು. ಬ್ರಹ್ಮಪುತ್ರೆಯ ಬಯಲಿಗೂ ಮೆಕಾಂಗ್ ದಂಡೆಗೂ ಒಂದೇ ಶಬ್ದ ಹಬ್ಬಿರುವುದನ್ನು ಕಂಡರೆ, ಈ ಜನ ಬೇರೆ ಬೇರೆ ದಿಕ್ಕುಗಳಿಗೆ ಚದರುವ ಮೊದಲೇ ಖ್ವನ್ ಅವರೊಂದಿಗಿತ್ತೆಂದು ಊಹಿಸಬಹುದು. ನೆರೆಯ ಖ್ಮೇರರಲ್ಲಿಯೂ ಪ್ರಲುಂಗ್ ಎಂಬ 19 ಜೀವಗಳನ್ನು ಕರೆಯುವ ವಿಧಿಯುಂಟು.

ಹಳೆಯ ಈ ಬೇರಿನ ಮೇಲೆ ಭಾರತದ ಹೆಸರುಗಳು ಬಂದು ಕೂತವು. ಬಾಸಿ ಎಂಬ ಶಬ್ದವನ್ನೇ ನೋಡಿ. ಅದರ ಮೂಲರೂಪ ಬಾಯ್ ಸೀ. ಬಾಯ್ ಎಂದರೆ ಖ್ಮೇರ್ ಭಾಷೆಯಲ್ಲಿ ಅನ್ನ. ಸೀ ಎಂದರೆ ನಮ್ಮ ಶ್ರೀ. ಈಶಾನ್ಯ ಥೈಲೆಂಡಿನ ಹಳ್ಳಿಗಳಲ್ಲಿ ವಿಧಿ ನಡೆಸುವ ಗೃಹಸ್ಥನಿಗೆ ಪ್ರಾಮ್, ಅಂದರೆ ಬ್ರಾಹ್ಮಣ, ಎಂದೇ ಹೆಸರು. ಆತ ಜಾತಿಯಿಂದ ಬ್ರಾಹ್ಮಣನಲ್ಲ, ಅಲ್ಲಿ ಜಾತಿಯೇ ಇಲ್ಲ. ಗದ್ದೆಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಾಟಿ ಮಾಡುವ ಬೌದ್ಧ ರೈತ. ಬ್ಯಾಂಕಾಕಿನಲ್ಲಿ ಮಾತ್ರ ವಂಶಪಾರಂಪರ್ಯದ ಆಸ್ಥಾನ ಬ್ರಾಹ್ಮಣರಿದ್ದಾರೆ. 1784ರಲ್ಲಿ ಕಟ್ಟಿದ ದೇವಸ್ಥಾನವೊಂದು ಅವರದು. ಅರಮನೆಯ ಖ್ವನ್ ವಿಧಿಗಳು ಅವರ ಕೈಯಲ್ಲಿ ನಡೆದವು. ಆದರೆ ಆ ವೈಭವದ ಕಥೆಗಿಂತ ಹಳ್ಳಿಯ ಪ್ರಾಮನ ಕಥೆಯೇ ನಮಗೆ ಮುಖ್ಯ.

ಆ ಕಥೆಯನ್ನು ಚೆನ್ನಾಗಿ ಬರೆದವರು ಸಿಂಹಳದ ತಮಿಳರಾದ ಸ್ಟ್ಯಾನ್ಲಿ ತಂಬಯ್ಯ. 1960ರ ದಶಕದಲ್ಲಿ ಉದೋನ್ ಥಾನಿ ಪ್ರಾಂತದ ಒಂದು ಹಳ್ಳಿಯಲ್ಲಿ ಅಧ್ಯಯನ ನಡೆಸಿ, 1970ರಲ್ಲಿ ಪ್ರಕಟಿಸಿದ ಅವರ ಗ್ರಂಥದಲ್ಲಿ ಸೂ ಖ್ವನ್ ವಿಧಿಗಳಿಗೆ ದೊಡ್ಡ ಸ್ಥಾನವಿದೆ. ಅವರು ಗುರುತಿಸಿದ ಒಂದು ಸೂಕ್ಷ್ಮ ಹೀಗಿದೆ. ಊರಿನ ಹರೆಯದ ಹುಡುಗರು ಭಿಕ್ಷುಗಳಾಗಿ ತಮ್ಮ ಹೆತ್ತವರಿಗೆ, ಹಿರಿಯರಿಗೆ ಪುಣ್ಯ ಗಳಿಸಿಕೊಡುತ್ತಾರೆ. ಅದಕ್ಕೆ ಪ್ರತಿಯಾಗಿ ಹಿರಿಯರು ಬಾಸಿಯಲ್ಲಿ ಕುಳಿತು ಕಿರಿಯರ ಖ್ವನ್ ಕರೆದು ಕೈಗೆ ನೂಲು ಕಟ್ಟುತ್ತಾರೆ. ಭಿಕ್ಷುವಾಗಲು ಹೊರಟ ಹುಡುಗನಿಗೆ ಅಲ್ಲಿ ನಾಗನೆಂದು ಹೆಸರು. ಅವನಿಗೂ ಹಿಂದಿನ ದಿನ ಸೂ ಖ್ವನ್ ಆಗಲೇಬೇಕು. ಹೆತ್ತ ತಾಯಿ ಹೊತ್ತು ಸಾಕಿದ ಕಷ್ಟವನ್ನು ಪ್ರಾಮ್ ಹಾಡಿ ಹೇಳುವಾಗ ಹುಡುಗನಷ್ಟೇ ಅಲ್ಲ, ಊರೇ ಕಣ್ಣೊರೆಸಿಕೊಳ್ಳುತ್ತದೆ. ಇಂದು ನಾಗನಾಗಿ ಕುಳಿತವನು ನಾಳೆ ಭಿಕ್ಷು. ವಿಹಾರದಲ್ಲಿ ಅಕ್ಷರ ಕಲಿತು ಹೊರಬಂದರೆ ಮುಂದೊಂದು ದಿನ ತಾನೇ ಪ್ರಾಮ್. ಹಿರಿಯರಿಂದ ಕಿರಿಯರಿಗೆ ಸಾಗುವ ಈ ಸರಪಣಿ ಅಕ್ಷರದ ಮೇಲೆ ನಿಂತಿತ್ತೆಂಬುದನ್ನು ಗಮನಿಸಬೇಕು. ಮುಂದಿನ ಇತಿಹಾಸದಲ್ಲಿ ಪೆಟ್ಟು ಬಿದ್ದದ್ದು ಅಲ್ಲಿಗೆ.

ಲಾವೋ ಜನರ ಮೊದಲ ದೊಡ್ಡ ರಾಜ್ಯ ಲಾನ್ ಸಾಂಗ್. 1353ರಲ್ಲಿ ಫಾ ಙುಮ್ ಎಂಬ ಅರಸ ಅದನ್ನು ಕಟ್ಟಿದ. ಮೆಕಾಂಗ್ ನದಿ ಆ ರಾಜ್ಯದ ಗಡಿಯಾಗಿರಲಿಲ್ಲ, ನಡುಮನೆಯಾಗಿತ್ತು. ಎರಡೂ ದಂಡೆಗಳಲ್ಲಿ ಅದೇ ಭಾಷೆ, ಅದೇ ಅಂಟಕ್ಕಿಯ ಊಟ, ಅದೇ ನೂಲು. 18ನೆಯ ಶತಮಾನದ ಆರಂಭದಲ್ಲಿ ರಾಜ್ಯ ಲುವಾಂಗ್ ಪ್ರಬಾಂಗ್, ವಿಯೆಂಟಿಯಾನ್, ಚಂಪಾಸಾಕ್ ಎಂದು ಒಡೆಯಿತು. ಒಡೆದವರು ಸಿಯಾಮಿನ ಅಧೀನರಾದರು. 1827ರಲ್ಲಿ ವಿಯೆಂಟಿಯಾನಿನ ಅರಸ ಅನುವೋಂಗ್ ಸಿಯಾಮಿನ ವಿರುದ್ಧ ದಂಡೆತ್ತಿದ. ಸೋತ. ಮರುವರ್ಷ ಸಿಯಾಮಿನ ಸೈನ್ಯ ವಿಯೆಂಟಿಯಾನ್ ಪಟ್ಟಣವನ್ನು ಸುಟ್ಟು ನೆಲಸಮ ಮಾಡಿ, ಸಾವಿರಾರು ಕುಟುಂಬಗಳನ್ನು ನದಿಯ ಬಲದಂಡೆಗೆ ಬಲವಂತವಾಗಿ ಸಾಗಿಸಿತು. ಇಡೀ ಪಟ್ಟಣದಲ್ಲಿ ಮುಕ್ಕಾಗದೆ ಉಳಿದ ಮುಖ್ಯ ವಿಹಾರ 1818ರಲ್ಲಿ ಅನುವೋಂಗನೇ ಕಟ್ಟಿಸಿದ ಸಿಸಾಕೇತ್. ಅರಸ ಬ್ಯಾಂಕಾಕಿನಲ್ಲಿ ಸೆರೆಯಾಳಾಗಿ ಸತ್ತ.

ಬಳಿಕ ಫ್ರೆಂಚರು ಬಂದರು. 1893ರ ಒಪ್ಪಂದದಿಂದ ಎಡದಂಡೆ ಫ್ರೆಂಚರಿಗೆ, ಬಲದಂಡೆ ಸಿಯಾಮಿಗೆ ಎಂದು ಗೆರೆ ಬಿದ್ದಿತು. ದಂಡೆಗಳಲ್ಲಿ ವಾಸಿಸುತ್ತಿದ್ದವರನ್ನು ಯಾರೂ ಕೇಳಲಿಲ್ಲ. ಇದರ ಫಲವಾಗಿ ಲಾವೋ ಭಾಷೆಯಾಡುವ ಜನರಲ್ಲಿ ಹೆಚ್ಚಿನವರು ಇಂದು ಲಾವೋಸಿನಲ್ಲಿಲ್ಲ. ಲಾವೋಸಿನ ಒಟ್ಟು ಜನಸಂಖ್ಯೆ 70 ಲಕ್ಷದ ಆಸುಪಾಸು. ಬಲದಂಡೆಯ ಸೀಮೆಯಲ್ಲಿ 2 ಕೋಟಿಗೂ ಮಿಕ್ಕ ಜನರಿದ್ದಾರೆ, ಅವರಲ್ಲಿ ಬಹುಪಾಲು ಮಂದಿಯ ಮನೆಮಾತು ಲಾವೋ. ಆ ಸೀಮೆಯ ಹೆಸರು ಇಸಾನ್. ಇದು ನಮ್ಮ 'ಈಶಾನ್ಯ' ಶಬ್ದವೇ. ಜನರ ಹೆಸರಿನಿಂದಲ್ಲ, ಬ್ಯಾಂಕಾಕಿನಿಂದ ನೋಡಿದರೆ ಯಾವ ದಿಕ್ಕಿನಲ್ಲಿದೆಯೆಂಬುದರಿಂದ ಆ ನಾಡು ಕರೆಯಲ್ಪಟ್ಟಿತು. 20ನೆಯ ಶತಮಾನದ ಆರಂಭದ ಜನಗಣತಿಯಲ್ಲಿ ಲಾವೋ ಎಂಬ ಹೆಸರೇ ಮಾಯವಾಗಿ ಅವರೆಲ್ಲ ಥಾಯ್ ಎಂದು ಎಣಿಸಲ್ಪಟ್ಟರು.

1921ರಲ್ಲಿ ಸಿಯಾಮ್ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯ್ದೆ ತಂದಿತು. ಶಿಕ್ಷಕರಾಗಿದ್ದ ನಾವು ಶಾಲೆಯನ್ನು ದೂರುವವರಲ್ಲ. ಹಳ್ಳಿಯ ಹುಡುಗಿಯರಿಗೂ ಅಕ್ಷರ ಸಿಕ್ಕಿದ್ದು ಆ ಶಾಲೆಗಳಿಂದ. ವಿಹಾರದ ಓದು ಗಂಡುಹುಡುಗರಿಗೆ ಮಾತ್ರ ಇತ್ತು. ಆದರೆ ಶಾಲೆ ಕಲಿಸಿದ್ದು ಬ್ಯಾಂಕಾಕಿನ ಭಾಷೆಯನ್ನು, ಬ್ಯಾಂಕಾಕಿನ ಲಿಪಿಯನ್ನು. ಅಲ್ಲಿಯವರೆಗೆ ಲಾವೋ ಜನ ಧರ್ಮಗ್ರಂಥಗಳಿಗೆ ಥಮ್ ಎಂಬ ಲಿಪಿಯನ್ನೂ, ಅದರ ಹೆಸರು ನಮ್ಮ ಧರ್ಮ ಶಬ್ದವೇ, ಲೌಕಿಕ ಕಥೆ ಕಾವ್ಯಗಳಿಗೆ ತಾಯ್ ನೋಯ್ ಎಂಬ ಇನ್ನೊಂದು ಲಿಪಿಯನ್ನೂ ಬಳಸುತ್ತಿದ್ದರು. ಥಮ್ ಲಿಪಿಯ ವಂಶವನ್ನು ಹಿಂದಕ್ಕೆ ಹುಡುಕಿದರೆ ಮೋನ್ ಜನರ ಮೂಲಕ ದಕ್ಷಿಣ ಭಾರತದ ಹಳೆಯ ಲಿಪಿಗಳಿಗೆ ಬಂದು ಮುಟ್ಟುತ್ತದೆ; ಆ ಲೆಕ್ಕದಲ್ಲಿ ಕನ್ನಡ ಅಕ್ಷರಗಳಿಗೆ ಅದು ದೂರದ ದಾಯಾದಿ. ಸೂ ಖ್ವನ್ ಕರೆಗಳನ್ನು ತಾಳೆಗರಿಯ ಮೇಲೆ ಬರೆದಿಟ್ಟುಕೊಂಡು ಪ್ರಾಮನು ಓದುತ್ತಿದ್ದದ್ದು ಈ ಅಕ್ಷರಗಳಲ್ಲಿ. ತಂಬಯ್ಯನವರು ಹಳ್ಳಿಗೆ ಹೋದ ಹೊತ್ತಿಗೆ ಇವನ್ನು ಓದಬಲ್ಲವರು ವಯಸ್ಸಾದವರು. ಶಾಲೆಯಲ್ಲಿ ಕಲಿತ ಮಕ್ಕಳಿಗೆ ಅಜ್ಜನ ತಾಳೆಗರಿ ಬರಿಯ ಗೀಚಾಗಿ ಕಾಣತೊಡಗಿತ್ತು.

ಹಾಗಾದರೆ ಖ್ವನ್ ಕರೆಯುವುದು ನಿಂತಿತೇ? ನಿಲ್ಲಲಿಲ್ಲ. ಜನ ಉಪಾಯ ಕಂಡುಕೊಂಡರು. ಲಾವೋ ಮಾತಿನ ಕರೆಗಳನ್ನು ಥಾಯ್ ಲಿಪಿಯಲ್ಲಿ ಬರೆದುಕೊಂಡರು, ಅಚ್ಚು ಹಾಕಿಸಿದರು. ಬರೆದದ್ದು ಪರರ ಅಕ್ಷರ, ನುಡಿಯುವುದು ತನ್ನ ಮಾತು. ಇದರಲ್ಲಿ ತೊಡಕುಗಳಿಲ್ಲದಿಲ್ಲ. ಉದಾಹರಣೆಗೆ ಲಾವೋದಲ್ಲಿ ನಮ್ಮ 'ಞ' ಧ್ವನಿಯಿದೆ. 'ದೊಡ್ಡದು' ಎಂಬುದಕ್ಕೆ ಅವರು 'ಞಾಯ್' ಎನ್ನುತ್ತಾರೆ. ಥಾಯ್ ಬರಹದಲ್ಲಿ ಅದಕ್ಕೆ ಬೇರೆ ಅಕ್ಷರವೇನೋ ಇದೆ, ಆದರೆ ಬ್ಯಾಂಕಾಕಿನ ಓದಿನಲ್ಲಿ ಅದು 'ಯ' ಆಗುತ್ತದೆ. ಕಿವಿಯಿಂದ ಕಲಿತ ಮುದುಕ ಸರಿಯಾಗಿ 'ಞಾಯ್' ಎನ್ನುತ್ತಾನೆ. ಕಣ್ಣಿನಿಂದ ಕಲಿತವನು ತಡವರಿಸುತ್ತಾನೆ.

ಎಡದಂಡೆಯಲ್ಲಿ ಲಿಪಿ ಉಳಿಯಿತು, ಸಂಕಷ್ಟ ಬೇರೆ ರೂಪದಲ್ಲಿ ಬಂತು. ದೀರ್ಘ ಅಂತರ್ಯುದ್ಧದ ಕೊನೆಗೆ 1975ರ ಡಿಸೆಂಬರ್ 2ರಂದು ರಾಜಪ್ರಭುತ್ವ ಹೋಗಿ ಕಮ್ಯುನಿಸ್ಟ್ ಗಣರಾಜ್ಯ ಸ್ಥಾಪನೆಯಾಯಿತು. ಹೊಸ ಸರ್ಕಾರ ಭೂತಪ್ರೇತಗಳ ಆರಾಧನೆಯನ್ನು ಮೂಢನಂಬಿಕೆಯೆಂದು ಹಳಿಯಿತು. ದುಂದುವೆಚ್ಚದ ಸಮಾರಂಭಗಳಿಗೆ ಕಡಿವಾಣ ಹಾಕಿತು. ದೇಶದ ಸುಮಾರು ಹತ್ತರಲ್ಲೊಂದು ಪಾಲು ಜನ ಮೆಕಾಂಗ್ ದಾಟಿ ಹೋದರು. ಎದುರು ದಂಡೆಯ ನೋಂಗ್ ಖಾಯ್ ನಿರಾಶ್ರಿತರ ಶಿಬಿರದಿಂದ ಅಮೆರಿಕ, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಾಗಳಿಗೆ ಚದರಿದರು. ಹೋದಲ್ಲೆಲ್ಲ ಬಾಸಿ ಮಾಡಿದರು. ಬಾಳೆ ಬೆಳೆಯದ ಚಳಿನಾಡುಗಳಲ್ಲಿ ಅಂಗಡಿಯ ಹಿಮಗಟ್ಟಿದ ಬಾಳೆಯೆಲೆ ತಂದು ಹರಿವಾಣ ಕಟ್ಟಿದರು.

ಇತ್ತ ಲಾವೋಸಿನಲ್ಲಿಯೂ ಬಾಸಿ ಅಳಿಯಲಿಲ್ಲ. ಹೊಸ ಅಧಿಕಾರಿಗಳು ಹುಟ್ಟಿದ್ದೂ ನೂಲು ಕಟ್ಟಿದ ತಾಯಂದಿರ ಹೊಟ್ಟೆಯಲ್ಲಿಯೇ ಅಲ್ಲವೇ? ಗಣರಾಜ್ಯದ ಮೊದಲ ಅಧ್ಯಕ್ಷ ಸುಫಾನುವೋಂಗ್ ಸ್ವತಃ ಲುವಾಂಗ್ ಪ್ರಬಾಂಗ್ ರಾಜಮನೆತನದವನು. ಭಿಕ್ಷುವೂ ಅಲ್ಲದ, ಭೂತವೈದ್ಯನೂ ಅಲ್ಲದ ಊರಿನ ಹಿರಿಯನೊಬ್ಬ ಹಾರೈಸಿ ನೂಲು ಕಟ್ಟುವುದನ್ನು ಮತವೆಂದೂ ಮೌಢ್ಯವೆಂದೂ ಹೆಸರಿಸುವುದು ಕಷ್ಟವಾಯಿತು. ಕ್ರಮೇಣ ಅದು ರಾಷ್ಟ್ರದ ಸಂಸ್ಕೃತಿಯೆಂಬ ಮನ್ನಣೆ ಪಡೆದು ಸರ್ಕಾರಿ ಅತಿಥಿಗಳ ಸತ್ಕಾರಕ್ಕೂ ಬಂತು. ಹಾಗೆ ಮನ್ನಣೆ ಪಡೆದದ್ದು ಪೂರ್ತಿ ಒಳ್ಳೆಯದೆಂದು ನಮಗೆ ತೋರುವುದಿಲ್ಲ. ಹೋಟೆಲುಗಳಲ್ಲಿ ಪ್ರವಾಸಿಗಳಿಗಾಗಿ ಅರ್ಧ ಗಂಟೆಯಲ್ಲಿ ಮುಗಿಸುವ ಬಾಸಿಯೂ ಈಗ ಇದೆ. ಯಾರ ಖ್ವನ್ ಎಲ್ಲಿ ಕಳೆದಿದೆಯೆಂದು ತಿಳಿಯದವರು ಅದನ್ನು ಕರೆಯುವುದಾದರೂ ಹೇಗೆ?

1994ರಲ್ಲಿ ನೋಂಗ್ ಖಾಯ್ ಮತ್ತು ವಿಯೆಂಟಿಯಾನ್ ನಡುವೆ ಮೆಕಾಂಗಿಗೆ ಸೇತುವೆಯಾಯಿತು. ಒಂದು ದಂಡೆಯ ಮದುವೆಗೆ ಇನ್ನೊಂದು ದಂಡೆಯ ನೆಂಟರು ಬಂದು ನೂಲು ಕಟ್ಟಿ ಸಂಜೆಗೆ ಮರಳಬಹುದು, ಪಾಸು ತೋರಿಸಿ.

ನಮ್ಮ ಸೀಮೆಗೆ ಬರೋಣ. ಅಕ್ಕಲಕೋಟೆ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು, 1960ರಲ್ಲಿ ನಾವು ಮಹಾರಾಷ್ಟ್ರದವರಾದೆವು. ಮರಾಠಿ ನಮಗೆ ಅನ್ನ ಕೊಟ್ಟ ಭಾಷೆ, ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ನಾವು ಮುಖ್ಯಾಧ್ಯಾಪಕರಾಗಿದ್ದ ಕನ್ನಡ ಶಾಲೆಯಲ್ಲಿ ಹಾಜರಿ ಪುಸ್ತಕದ ಪುಟಗಳು ವರ್ಷದಿಂದ ವರ್ಷಕ್ಕೆ ಹೇಗೆ ಬರಿದಾದವೆಂಬುದನ್ನು ಕಣ್ಣಾರೆ ಕಂಡಿದ್ದೇವೆ. ನಮ್ಮ ಮೊಮ್ಮಗಳೂ ಮರಾಠಿ ಶಾಲೆಗೇ ಹೋಗುತ್ತಾಳೆ. ಇದನ್ನು ಸಂಘದ ಹಿರಿಯರ ಮುಂದೆ ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ.

ಕಳೆದ ಶ್ರಾವಣದಲ್ಲಿ ಮನೆಯ ಹೆಂಗಸರು ಹಾಡು ಹೇಳುವಾಗ ಈ ಹುಡುಗಿ ಅಜ್ಜಿಯ ಪಕ್ಕದಲ್ಲಿ ಕುಳಿತು ವಹಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಕನ್ನಡದ ಹಾಡು, ಬರೆದದ್ದು ಬಾಳಬೋಧದಲ್ಲಿ. ಇಸಾನಿನ ಥಾಯ್ ಲಿಪಿಯ ಪುಸ್ತಕಗಳು ನಮಗೆ ನೆನಪಾದವು. ವಹಿಯನ್ನು ಇಸಿದುಕೊಂಡು ನೋಡಿದೆವು. ಆ ಲಿಪಿಯಲ್ಲಿ 'ಎ'ಕಾರ 'ಏ'ಕಾರಗಳಿಗೆ ಒಂದೇ ಗುರುತು, 'ಒ'ಕಾರ 'ಓ'ಕಾರಗಳಿಗೂ ಒಂದೇ. 'ಕೊಡು' ಎಂದಿದ್ದ ಕಡೆ 'ಕೋಡು' ಎಂದೂ ಓದಬಹುದು. ಅವಳಿಗೆ ಓದಲು ಹೇಳಿದೆವು. ಅಜ್ಜಿಯ ಬಾಯಿಂದ ಕೇಳಿದ್ದರಿಂದ ಎಲ್ಲಿಯೂ ತಪ್ಪದೆ ಹ್ರಸ್ವ ದೀರ್ಘಗಳನ್ನು ಸರಿಯಾಗಿಯೇ ಹಾಡಿದಳು. ಮರುದಿನದಿಂದ ಸಂಜೆ ಅರ್ಧ ಗಂಟೆ ಅವಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಿದ್ದೇವೆ. ಈಗ ಒತ್ತಕ್ಷರಗಳಿಗೆ ಬಂದಿದ್ದಾಳೆ.

ಮಿಲಿಟರಿ ಕಾಕಾ ತೀರಿಕೊಂಡು ಬಹಳ ವರ್ಷಗಳಾದವು. ಈ ಲೇಖನ ಬರೆಯುವ ಮೊದಲು ಅವರ ಮನೆಗೆ ಹೋಗಿ ಡಬ್ಬಿಯ ವಿಚಾರ ಕೇಳಿದೆವು. ಮಗ ಅಟ್ಟದ ಮೇಲಿಂದ ಟ್ರಂಕು ಇಳಿಸಿದರು. ಡಬ್ಬಿ ತುಕ್ಕು ಹಿಡಿದಿತ್ತು. ನೂಲು ಹಳದಿಗಟ್ಟಿ ಬೂದಿಬಣ್ಣಕ್ಕೆ ತಿರುಗಿತ್ತು. ಎಣಿಸಿದೆವು: ನಲವತ್ತೊಂದು ನೂಲು, ಎಲ್ಲದರ ಗಂಟೂ ಭದ್ರ. "ಇವು ಏನಂತ ನಮ್ಮಪ್ಪ ಎಂದೂ ಹೇಳಲಿಲ್ರಿ ಸರ, ಒಗೀಲಿಕ್ಕೂ ಮನಸಾಗಲಿಲ್ಲ" ಎಂದರು. ನಮಗೆ ತಿಳಿದಷ್ಟನ್ನು ಅವರಿಗೆ ಹೇಳಿದೆವು. ಮನೆಯವರೆಲ್ಲ ಬಂದು ಕುಳಿತು ಕೇಳಿದರು. ಡಬ್ಬಿಯನ್ನು ಮತ್ತೆ ಟ್ರಂಕಿಗೆ ಹಾಕದೆ ದೇವರ ಮಾಡಿನ ಪಕ್ಕದ ಗೂಡಿನಲ್ಲಿಟ್ಟರು.